ಕೊರಡೂರಿನ ಸೇವಕ, ಹೊಸರಿತ್ತಿಯ ಹುತಾತ್ಮ: ಮೈಲಾರ ಮಹಾದೇವಪ್ಪನವರು

ಕಾಲವು ಸ್ಥಿರವಾಗಿರುವಾಗ ಮುಂದಾಳುತನವನ್ನು ವಹಿಸುವದು ಅಷ್ಟೇನೂ ಕಠಿಣವಾದ ಕಾರ್ಯವಲ್ಲ. ಆಳುವ ಸರಕಾರವು ಒಂದು ಕಡೆಗೂ ಅಂತಃಕರಣವು ಇನ್ನೊಂದು ಕಡೆಗೂ ಎಳೆಯುತ್ತಿರಲು, ನಾಳೆ ಏನಾಗುವದೆಂಬುದು ಯಾರಿಗೂ ತಿಳಿಯದಿರಲು, ನೆರೆಹೊರೆಯವರನ್ನು ಒಟ್ಟುಗೂಡಿಸಿ ಒಂದು ದಾರಿಯಲ್ಲಿ ನಡೆಸುವದೇ ನಿಜವಾದ ಪರೀಕ್ಷೆಯು. ಆ ಪರೀಕ್ಷೆಯನ್ನು ಎದುರಿಸಿದ ಒಬ್ಬ ತರುಣರ ಜೀವನವನ್ನು ಈ ದಿನ ನಮ್ಮ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಅವರು ಪರಸ್ಥಳದವರಲ್ಲ, ನಮ್ಮ ಬ್ಯಾಡಗಿಯ ಸೀಮೆಯವರು. ಹಾವೇರಿಯ ರೇಲ್ವೆ ನಿಲ್ದಾಣವು ಇಂದು ಅವರ ಹೆಸರನ್ನೇ ಹೊತ್ತು ನಿಂತಿರುವದು. ಆ ಹಲಗೆಯ ಕೆಳಗೆ ನಿತ್ಯವೂ ನೂರಾರು ಜನರು ಹಾದುಹೋಗುವರು. ಮೈಲಾರ ಮಹಾದೇವಪ್ಪನವರು ಗುಂಡೇಟಿಗೆ ಬಲಿಯಾದ ದೇಶಭಕ್ತರೆಂಬಷ್ಟನ್ನು ಅವರಲ್ಲಿ ಬಹುಮಂದಿ ಬಲ್ಲರು. ಆದರೆ ಆ ಒಂದು ದಿನದ ಸಾಹಸದ ಹಿಂದೆ ಹತ್ತಾರು ವರ್ಷಗಳ ಸದ್ದಿಲ್ಲದ ಸೇವೆಯಿತ್ತೆಂಬುದನ್ನೂ, ಆ ಸೇವೆಯಿಲ್ಲದಿದ್ದರೆ ಆ ಸಾಹಸವು ಸಾಧ್ಯವೇ ಆಗುತ್ತಿರಲಿಲ್ಲವೆಂಬುದನ್ನೂ ನೆನೆಯುವವರು ವಿರಳ. ನಾವು ಹೇಳಹೊರಟಿರುವದು ಅದನ್ನೇ.

ಮಹಾದೇವಪ್ಪನವರು 1911ನೆಯ ಇಸವಿಯ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಮನೆತನದ ಹೆಸರು ಮೈಲಾರ. ಮೈಲಾರಲಿಂಗನಿಗೆ ನಡೆದುಕೊಳ್ಳುವ ಈ ಸೀಮೆಯಲ್ಲಿ ಮೈಲಾರವೆಂಬ ಅಡ್ಡಹೆಸರಾಗಲಿ ಮಾರ್ತಾಂಡನೆಂಬ ಹೆಸರಾಗಲಿ ಹೊಸದೇನೂ ಅಲ್ಲ. ರಾಣೆಬೆನ್ನೂರಿಗೆ ಸಮೀಪದ ದೇವರಗುಡ್ಡದ ಜಾತ್ರೆಗೆ ಹೋಗಿಬಂದವರೆಲ್ಲರೂ ಇದನ್ನು ಬಲ್ಲರು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಇರುವ ಮೋಟೆಬೆನ್ನೂರು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ ಹಳ್ಳಿಯಾಗಿತ್ತು. ಸುತ್ತಲೂ ಎರೆಹೊಲ, ಹತ್ತಿ, ಜೋಳ, ಮೆಣಸಿನಕಾಯಿ. ರಾಣೆಬೆನ್ನೂರನ್ನು ದಾಟಿ ತುಂಗಭದ್ರೆಯ ಆಚೆಯ ದಂಡೆಗೆ ಹೋದರೆ ಮೈಸೂರು ಸಂಸ್ಥಾನ. ಹೀಗೆ ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಗಡಿಗೆ ಹತ್ತಿರದ ಹಳ್ಳಿಯಲ್ಲಿ ಈ ಬಾಲಕರು ಬೆಳೆದರು.

ಅವರಿಗೆ ಹದಿಮೂರು ವಯಸ್ಸಾಗಿದ್ದಾಗ, 1924ರಲ್ಲಿ, ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ಗಾಂಧಿಯವರು ಕಾಂಗ್ರೆಸ್ಸಿನ ಅಧ್ಯಕ್ಷಸ್ಥಾನವನ್ನು ವಹಿಸಿದ್ದು ಅದೊಂದೇ ಸಲ. ಅದೂ ಕನ್ನಡ ನೆಲದಲ್ಲಿ. ಆ ಅಧಿವೇಶನದ ಗಾಳಿಯು ಧಾರವಾಡ ಜಿಲ್ಲೆಯ ಹಳ್ಳಿಹಳ್ಳಿಗೂ ಬೀಸಿತು. ಖಾದಿಯ ವ್ರತ, ಸ್ವದೇಶಿ, ಅಸ್ಪೃಶ್ಯತಾ ನಿವಾರಣೆ ಈ ಮಾತುಗಳು ವಕೀಲರ ಬೈಠಕಖಾನೆಯನ್ನು ಬಿಟ್ಟು ಚಾವಡಿಯ ಕಟ್ಟೆಗೆ ಬಂದವು. ಮಹಾದೇವಪ್ಪನವರ ತಾರುಣ್ಯವು ಈ ವಾತಾವರಣದಲ್ಲಿಯೇ ಅರಳಿತು. ಖಾದಿಯ ಸೆಳೆತಕ್ಕೆ ಒಳಗಾದ ಅವರು ಇನ್ನೂ ಇಪ್ಪತ್ತು ತುಂಬುವ ಮೊದಲೇ ದೂರದ ಸಾಬರಮತಿಯ ಆಶ್ರಮವನ್ನು ಸೇರಿಕೊಂಡರು.

ಆಶ್ರಮದ ಬಾಳು ಸುಲಭವಾದುದಲ್ಲ. ನಸುಕಿಗೆ ಏಳುವದು, ಪ್ರಾರ್ಥನೆ, ನೂಲು ತೆಗೆಯುವದು, ಪಾಯಖಾನೆಯನ್ನು ತಮ್ಮ ಕೈಯಿಂದಲೇ ಶುಚಿಗೊಳಿಸುವದು, ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಉಣ್ಣುವದು, ಇವೆಲ್ಲವೂ ಅಲ್ಲಿಯ ನಿತ್ಯನೇಮಗಳು. ಹಳ್ಳಿಯ ಸಂಪ್ರದಾಯಸ್ಥ ಮನೆಯಿಂದ ಹೋದ ಹುಡುಗರೊಬ್ಬರಿಗೆ ಇವುಗಳಲ್ಲಿ ಒಂದೊಂದೂ ಒಂದು ಪರೀಕ್ಷೆಯೇ ಸರಿ. ಆ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೇ 1930ರಲ್ಲಿ ಮಹತ್ತರವಾದ ಕರೆಯು ಬಂದಿತು. ಉಪ್ಪಿನ ಕಾಯಿದೆಯನ್ನು ಮುರಿಯಲು ಗಾಂಧಿಯವರು ಮಾರ್ಚ್ 12ರಂದು ದಾಂಡಿಗೆ ಹೊರಟಾಗ ತಮ್ಮೊಡನೆ ಆಶ್ರಮದ ಶಿಸ್ತಿನಲ್ಲಿ ಪಳಗಿದ 78 ಜನರನ್ನು ಆರಿಸಿಕೊಂಡರು. ಅವರಲ್ಲಿ ಕರ್ನಾಟಕದವರು ಒಬ್ಬರೇ. ಪಟ್ಟಿಯಲ್ಲಿ ಅವರ ಹೆಸರು ಗುಜರಾತದ ಪದ್ಧತಿಯಂತೆ ಮಹಾದೇವ ಮಾರ್ತಾಂಡ ಎಂದು ದಾಖಲಾಯಿತು, ವಯಸ್ಸು 18. ಆ ಹೆಸರನ್ನು ಓದಿದವರಿಗೆ ಇವರು ಮೋಟೆಬೆನ್ನೂರಿನ ಮೈಲಾರ ಮನೆತನದವರೆಂಬ ಸುಳಿವೂ ಹತ್ತುವಂತಿರಲಿಲ್ಲ.

ಸುಮಾರು 240 ಮೈಲುಗಳ ಹಾದಿ. ಏಪ್ರಿಲ್ 5ಕ್ಕೆ ದಾಂಡಿಯನ್ನು ತಲುಪಿ, ಮರುದಿನ ಬೆಳಿಗ್ಗೆ ಕಡಲ ದಂಡೆಯಲ್ಲಿ ಕಾಯಿದೆಯನ್ನು ಮುರಿದದ್ದು ಜಗತ್ಪ್ರಸಿದ್ಧವಾದ ಸಂಗತಿಯು. ನಡೆಯುವವರು ಪ್ರತಿದಿನವೂ ತಪ್ಪದೆ ನೂಲಬೇಕು, ದಿನಚರಿಯನ್ನು ಬರೆಯಬೇಕು, ಹಳ್ಳಿಯವರು ಕೊಟ್ಟ ಸಾದಾ ಊಟಕ್ಕಿಂತ ಹೆಚ್ಚಿನದನ್ನು ಬಯಸಬಾರದು ಎಂಬ ಕಟ್ಟಳೆಗಳಿದ್ದವು. ಊರಿಂದೂರಿಗೆ ಕಾಲ್ನಡಿಗೆಯಿಂದ ಹೋಗುವದು, ಹೋದ ಊರಿನ ಜನರೊಡನೆ ಮಾತನಾಡುವದು, ಅವರ ಕಷ್ಟವನ್ನು ಅವರ ಬಾಯಿಂದಲೇ ಕೇಳುವದು, ಈ ಮೂರು ಪಾಠಗಳನ್ನು ಇಪ್ಪತ್ತನಾಲ್ಕು ದಿನಗಳ ಆ ಹಾದಿಯು ಕಲಿಸುವಂತಿತ್ತು. ಇತ್ತ ಕರ್ನಾಟಕದಲ್ಲಿಯೂ ಅದೇ ಏಪ್ರಿಲ್ 13ರಂದು ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹವು ಮೊದಲಾಯಿತು. ಮಹಾದೇವಪ್ಪನವರಿಗೆ ಆರು ತಿಂಗಳ ಸೆರೆವಾಸವು ಪ್ರಾಪ್ತವಾಯಿತು. ಸೆರೆಮನೆಯಿಂದ ಹೊರಬಂದ ಹತ್ತೊಂಬತ್ತರ ತರುಣರು ಊರಿಗೆ ಮರಳಿದಾಗ ಜಿಲ್ಲೆಯ ಜನರಿಗೆ ಅವರು ಅಚ್ಚುಮೆಚ್ಚಿನವರಾಗಿದ್ದರು.

ಇಲ್ಲಿ ಅವರ ಸಹಧರ್ಮಿಣಿಯವರನ್ನು ಸ್ಮರಿಸದಿದ್ದರೆ ಈ ಚರಿತ್ರೆಯು ಅಪೂರ್ಣವಾಗುವದು. ಆ ಕಾಲದ ರೂಢಿಯಂತೆ ಎಳೆಯ ವಯಸ್ಸಿನಲ್ಲಿಯೇ ಸಿದ್ಧಮ್ಮನವರೊಡನೆ ಅವರ ವಿವಾಹವಾಗಿತ್ತು. ಗಂಡನು ದೇಶಸೇವೆಗೆ ಹೋದರೆ ಹೆಂಡತಿಯು ತವರಿನಲ್ಲಿ ಕಾದು ಕುಳಿತಿರುವದೇ ಲೋಕದ ನಡಾವಳಿಯಾಗಿದ್ದಾಗ, ಸಿದ್ಧಮ್ಮನವರು ತಾವೂ ಸಾಬರಮತಿಗೆ ಹೋಗಿ ಆಶ್ರಮದಲ್ಲಿದ್ದು ಅಲ್ಲಿಯ ಶಿಕ್ಷಣವನ್ನು ಪಡೆದರು. ಸತ್ಯಾಗ್ರಹದಲ್ಲಿ ಭಾಗವಹಿಸಿ ಸೆರೆಮನೆಯನ್ನೂ ಕಂಡರು. ಸಮಾಜವನ್ನು ತಿದ್ದಹೊರಟವರು ಮೊದಲು ತಮ್ಮ ಮನೆಯ ಹೊಸ್ತಿಲಿನಲ್ಲಿಯೇ ಆ ತಿದ್ದುಪಡಿಯನ್ನು ಮಾಡಿ ತೋರಿಸಿದ್ದರಿಂದ, ಮುಂದೆ ಹಳ್ಳಿಯ ಜನರು ಅವರ ಮಾತನ್ನು ಕಿವಿಗೊಟ್ಟು ಕೇಳಿದರು.

ಬಂದ ಕೀರ್ತಿಯನ್ನು ಬಳಸಿಕೊಂಡು ಮಹಾದೇವಪ್ಪನವರು ಪಟ್ಟಣದಲ್ಲಿ ನೆಲೆಸಬಹುದಾಗಿತ್ತು. ದಾಂಡಿಯಾತ್ರೆಯ ಏಕೈಕ ಕನ್ನಡಿಗರಿಗೆ ಸಭೆಗಳಿಗೇನು ಕೊರತೆ? ಅವರು ಆರಿಸಿಕೊಂಡದ್ದು ಹಾವೇರಿ ತಾಲೂಕಿನ ಕೊರಡೂರೆಂಬ ಹಳ್ಳಿಯನ್ನು. ಅಲ್ಲಿ ಸೇವಾಶ್ರಮವೊಂದನ್ನು ಕಟ್ಟಿ, ಚರಕವನ್ನು ಹೂಡಿ, ಗ್ರಾಮಸೇವೆಗೆ ನಿಂತರು. ಅರಳೆಯನ್ನು ಹಿಂಜಿ ಹಂಜಿ ಮಾಡುವದು, ನೂಲು ತೆಗೆಯುವದು, ನೂಲಿನ ಲಡಿಗಳನ್ನು ನೇಕಾರರಿಗೆ ಮುಟ್ಟಿಸುವದು, ನೇಯ್ದ ಖಾದಿಯನ್ನು ಹೊತ್ತು ಮಾರುವದು, ಊರಿನ ಓಣಿಗಳನ್ನು ಗುಡಿಸುವದು, ಅಕ್ಷರವರಿಯದವರಿಗೆ ಅಕ್ಷರ ಕಲಿಸುವದು, ಹರಿಜನರ ಕೇರಿಗೆ ಹೋಗಿ ಅವರೊಡನೆ ಬೆರೆಯುವದು, ಇವು ಇಂಥ ಆಶ್ರಮಗಳ ದಿನಚರಿಯು.

ಪಟ್ಟಣದ ವಾಚಕರಿಗೆ ಈ ಕೆಲಸಗಳು ಅಲ್ಪವೆಂದು ತೋರಬಹುದು. ಆದುದರಿಂದ ಇವುಗಳ ಒಳಗುಟ್ಟನ್ನು ತುಸು ಬಿಡಿಸಿ ಹೇಳುವದು ಅವಶ್ಯವು. ನಮ್ಮ ಸೀಮೆಯಲ್ಲಿ ಹತ್ತಿ ಬೆಳೆಯುವವನು ರೈತನು; ಆದರೆ ಆ ಹತ್ತಿಯು ಗಿರಣಿಯ ಹಾದಿ ಹಿಡಿದು ಬಟ್ಟೆಯಾಗಿ ಮರಳಿ ಬಂದಾಗ ಅದನ್ನು ಕೊಳ್ಳಲು ಅವನಲ್ಲಿ ಹಣವಿರುತ್ತಿರಲಿಲ್ಲ. ಮಳೆಯಾಗದ ವರ್ಷ ರೈತನ ಮನೆಯ ಹೆಣ್ಣುಮಕ್ಕಳಿಗೆ ಚರಕವು ನಾಲ್ಕು ಆಣೆಯನ್ನಾದರೂ ತಂದುಕೊಡುತ್ತಿತ್ತು. ಅದಕ್ಕಿಂತ ಹೆಚ್ಚಿನ ಲಾಭವು ಬೇರೆಯೇ ಇತ್ತು. ನೂಲನ್ನು ಕೊಳ್ಳಲು ಆಶ್ರಮದವರು ಮನೆಮನೆಗೆ ಹೋಗಬೇಕು. ಹೋದಾಗ ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಸಾಲದ ಬಾಧೆ, ಯಾರಿಗೂ ಯಾರಿಗೂ ಬದುವಿನ ತಂಟೆ ಎಂಬುದೆಲ್ಲವೂ ತಿಳಿಯುವದು. ತೂಕದಲ್ಲಿ ಮೋಸವಿಲ್ಲದೆ, ಹಣಕ್ಕೆ ವಾಯಿದೆ ಹೇಳದೆ, ವರ್ಷಗಟ್ಟಲೆ ಹೀಗೆ ವ್ಯವಹರಿಸಿದವರ ಮೇಲೆ ಊರಿಗೆ ನಂಬಿಗೆಯು ಹುಟ್ಟುವದು. ಗೌಡರ ಮನೆಗೂ ಮಡಿವಾಳರ ಮನೆಗೂ ಮಠದ ಅಯ್ಯನವರ ಮನೆಗೂ ಹೊಲೆಗೇರಿಗೂ ಒಂದೇ ಕಾಲಿನಿಂದ ನಡೆದುಹೋಗುವ ಮನುಷ್ಯನು ಆ ಊರುಗಳಿಗೆ ಹೊಸಬನಾಗಿದ್ದನು. ಮಹಾದೇವಪ್ಪನವರು ಗಳಿಸಿದ ಬಂಡವಾಳವೆಂದರೆ ಈ ನಂಬಿಗೆಯೊಂದೇ.

ಮುಂದಿನ ವರ್ಷಗಳು ಏರಿಳಿತದ ವರ್ಷಗಳು. 1932ರ ಚಳವಳಿಯಲ್ಲಿ ಹಿರೇಕೆರೂರು, ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಯನ್ನು ಮಾಡಿ ಹೊಲಮನೆಗಳನ್ನು ಜಪ್ತಿಗೆ ಕೊಟ್ಟರು. ಎರಡು ವರ್ಷಗಳ ತರುವಾಯ, 1934ರಲ್ಲಿ, ಗಾಂಧಿಯವರು ಹರಿಜನೋದ್ಧಾರದ ಪ್ರವಾಸದಲ್ಲಿ ಕರ್ನಾಟಕವನ್ನು ಸುತ್ತಿದರು. ಮೂರು ವರ್ಷ ಕಳೆದು 1937ರಲ್ಲಿ ಮುಂಬಯಿ ಇಲಾಖೆಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದಿತು. ರೈತರಿಗೆ ಆಸೆಯು ಚಿಗುರಿತು. ಎರಡೇ ವರ್ಷಗಳಲ್ಲಿ, 1939ರಲ್ಲಿ, ಜನರ ಒಪ್ಪಿಗೆಯಿಲ್ಲದೆ ಹಿಂದುಸ್ಥಾನವನ್ನು ಮಹಾಯುದ್ಧಕ್ಕೆ ಎಳೆದುದರಿಂದ ಆ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಅನಂತರ ಬೆಲೆಗಳೇರಿದವು. ಸೀಮೆಎಣ್ಣೆ, ಬಟ್ಟೆ, ಕಾಳುಕಡಿಗಳು ದುರ್ಲಭವಾದವು. ಬ್ರಹ್ಮದೇಶವು ಜಪಾನಿನ ವಶವಾಯಿತು. ಸರಕಾರವು ಉಳಿಯುವದೋ ಬೀಳುವದೋ, ಕೈಯಲ್ಲಿರುವ ನೋಟು ನಾಳೆ ನಡೆಯುವದೋ ಇಲ್ಲವೋ ಎಂದು ಸಂತೆಗಳಲ್ಲಿ ಜನರು ಪಿಸುಗುಟ್ಟುವ ಕಾಲವು ಬಂದೊದಗಿತು.

ಅಂಥ ಕಾಲದಲ್ಲಿ 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು ಬ್ರಿಟಿಷರಿಗೆ ಭಾರತವನ್ನು ಬಿಟ್ಟು ತೊಲಗಿರೆಂದು ಗೊತ್ತುವಳಿಯನ್ನು ಮಾಡಿತು. ಮರುದಿನ ಬೆಳಗಾಗುವಷ್ಟರಲ್ಲಿ ನಾಯಕರೆಲ್ಲರೂ ಬಂಧಿತರಾದರು. ಮಾರ್ಗದರ್ಶನ ಮಾಡುವವರು ಯಾರೂ ಉಳಿಯಲಿಲ್ಲ. ಪ್ರತಿಯೊಂದು ಜಿಲ್ಲೆಯೂ, ಪ್ರತಿಯೊಂದು ತಾಲೂಕೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಊರೂರಿನಲ್ಲಿ ವರ್ಷಗಟ್ಟಲೆ ಬೇರು ಬಿಟ್ಟವರು ಯಾರು, ಬರೀ ವೇದಿಕೆಯ ಮೇಲೆ ಮೆರೆದವರು ಯಾರು ಎಂಬುದು ಆಗ ಬಯಲಾಯಿತು.

ಮಹಾದೇವಪ್ಪನವರು ಭೂಗತರಾಗಿ, ತಮ್ಮ ಸಂಗಾತಿಗಳ ತಂಡವನ್ನು ಕಟ್ಟಿಕೊಂಡು, ಹಾವೇರಿಯ ಸುತ್ತಲಿನ ಸೀಮೆಯಲ್ಲಿ ಸಂಚರಿಸಿದರು. ತಂತಿಗಳನ್ನು ಕಡಿಯುವದು, ಚಾವಡಿಯ ದಪ್ತರಗಳನ್ನು ಸುಡುವದು, ಆಡಳಿತದ ಯಂತ್ರವನ್ನು ಅಲ್ಲಲ್ಲಿ ನಿಲ್ಲಿಸುವದು ಆಗಿನ ಭೂಗತ ಚಳವಳಿಯ ಕಾರ್ಯಕ್ರಮವಾಗಿತ್ತು. ದಪ್ತರವನ್ನೇ ಏಕೆ ಸುಟ್ಟರೆಂದು ಇಂದಿನ ತರುಣರು ಕೇಳಬಹುದು. ಖಾತೆ, ಬಾಕಿ, ಜಪ್ತಿ ಇವೆಲ್ಲವೂ ಆ ಕೆಂಪು ಬಟ್ಟೆಯ ಗಂಟಿನೊಳಗಿದ್ದವು. ಪರಕೀಯ ಸರಕಾರವು ಹಳ್ಳಿಯ ಮೇಲೆ ಇಟ್ಟ ಕೈಯು ಆ ಕಾಗದಗಳ ಮೂಲಕವೇ ಚಾಚಿತ್ತು. ಸಾವಿರ ಸಿಪಾಯಿಗಳು ಮಾಡಲಾರದ ಆಡಳಿತವನ್ನು ಒಂದು ದಪ್ತರವು ಮಾಡುತ್ತಿತ್ತು.

ಆದರೆ ಈ ಕಾರ್ಯಗಳಿಗೆ ಕರ್ನಾಟಕದಲ್ಲಿ ಒಂದು ಎಲ್ಲೆಯಿತ್ತು. ಯಾರ ಪ್ರಾಣಕ್ಕೂ ಹಾನಿ ತಟ್ಟಬಾರದು. ಕಾವಲಿನವನು ಕೂಡ ನಮ್ಮ ನಾಡಿನ ಬಡವನೇ, ಹೊಟ್ಟೆಪಾಡಿಗಾಗಿ ಬಂದೂಕು ಹಿಡಿದವನೇ ಎಂಬ ಭಾವನೆಯಿಂದ ಈ ಭಾಗದ ಕಾರ್ಯಕರ್ತರು ನಡೆದುಕೊಂಡರು. ದಾಂಡಿಯ ಹಾದಿಯಲ್ಲಿ ನಡೆದವರ ಪಾಲಿಗಂತೂ ಈ ಎಲ್ಲೆಯು ಮೀರಲಾಗದ್ದಾಗಿತ್ತು. ಸರಕಾರವು ಹುಡುಕುತ್ತಿದ್ದ ಮನುಷ್ಯರಿಗೆ ರಾತ್ರಿ ಊಟ ಹಾಕಿದವರು, ಹಗಲು ಅಡಗಿಸಿದವರು, ಪೋಲೀಸರು ಬರುವ ಸುದ್ದಿಯನ್ನು ಮುಂಚಿತವಾಗಿ ಮುಟ್ಟಿಸಿದವರು ಹಳ್ಳಿಯ ಜನರೇ. ಸಿಕ್ಕಿಬಿದ್ದರೆ ಸೆರೆವಾಸ, ಹೊಡೆತ, ಸಾಮೂಹಿಕ ದಂಡ ಇವು ಕಾದಿದ್ದವು. ಅಷ್ಟೊಂದು ಗಂಡಾಂತರವನ್ನು ಅವರು ಏಕೆ ಮೈಮೇಲೆ ಎಳೆದುಕೊಂಡರು? ಭಾಷಣವನ್ನು ಕೇಳಿ ಯಾರೂ ಅಂಥ ಸಾಹಸ ಮಾಡರು. ಚರಕದ ಕಾಲದಲ್ಲಿ ಬಾಗಿಲಿಗೆ ಬಂದು ನೂಲು ತೂಗಿಕೊಂಡು ಹೋದ ಮನುಷ್ಯನನ್ನು ಅವರು ಬಲ್ಲವರಾಗಿದ್ದರು. ಕೊರಡೂರಿನ ಬಂಡವಾಳವು ಇಲ್ಲಿ ಉಪಯೋಗಕ್ಕೆ ಬಂದಿತೆಂದು ನಮ್ಮ ದೃಢವಾದ ಅಭಿಪ್ರಾಯವು.

1943ರ ವಸಂತವು ಭೀಕರವಾಗಿ ಬಂದಿತು. ನೆರೆಯ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಆ ಮಾರ್ಚ್ 8ರಿಂದ 10ರ ವರೆಗೆ ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು. ಸರಕಾರವು ಯಾವ ಮಟ್ಟಕ್ಕೂ ಹೋಗಬಲ್ಲದೆಂಬುದರಲ್ಲಿ ಯಾರಿಗೂ ಸಂದೇಹವುಳಿಯಲಿಲ್ಲ. ಇದಾದ ಮೂರು ವಾರಗಳಿಗೆ, ಏಪ್ರಿಲ್ 1ರಂದು, ಮಹಾದೇವಪ್ಪನವರು ತಮ್ಮ ತಂಡದೊಡನೆ ವರದಾ ನದಿಯ ದಂಡೆಯ ಹೊಸರಿತ್ತಿಗೆ ಹೋದರು. ಸುತ್ತಲಿನ ಊರುಗಳಿಂದ ವಸೂಲಾದ ಕಂದಾಯದ ಹಣವನ್ನು ಅಲ್ಲಿಯ ವೀರಭದ್ರ ದೇವರ ಗುಡಿಯಲ್ಲಿ ಕಾವಲಿನೊಳಗೆ ಇಡಲಾಗಿತ್ತು. ರೈತರ ಬೆವರಿನ ಹಣವು ಪರಕೀಯರ ಯುದ್ಧಕ್ಕೆ ಸಲ್ಲಬಾರದೆಂಬುದೇ ಆ ದಾಳಿಯ ಅರ್ಥವು. ಕಾವಲಿನ ಪೋಲೀಸರು ಗುಂಡು ಹಾರಿಸಿದರು. ಗುಡಿಯ ಆವರಣದಲ್ಲಿ ಮೂವರು ಗುಂಡಿಗೆ ಗುರಿಯಾಗಿ ಪ್ರಾಣವನ್ನೊಪ್ಪಿಸಿದರು: ಮೈಲಾರ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ ಮೂವತ್ತೊಂದು ವರ್ಷ. ಮೂವತ್ತೆರಡು ತುಂಬಲು ಎರಡು ತಿಂಗಳುಗಳು ಉಳಿದಿದ್ದವು.

ಈ ಮೂರು ಹೆಸರುಗಳನ್ನು ವಾಚಕರು ಮತ್ತೊಮ್ಮೆ ನಿಧಾನವಾಗಿ ಓದಬೇಕೆಂದು ವಿನಂತಿಸುತ್ತೇವೆ. ಒಬ್ಬರು ಮೈಲಾರ ಮನೆತನದವರು, ಒಬ್ಬರು ಮಡಿವಾಳರು, ಒಬ್ಬರು ಹಿರೇಮಠದವರು. ನಮ್ಮ ಹಳ್ಳಿಗಳಲ್ಲಿ ಈ ಅಡ್ಡಹೆಸರುಗಳನ್ನು ಕೇಳಿದೊಡನೆ ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದು ನಿರ್ಣಯವಾಗಿಬಿಡುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಒಂದೇ ಗುಡಿಯ ಅಂಗಳದಲ್ಲಿ, ಒಂದೇ ದಿನ, ಒಂದೇ ಕಾರ್ಯಕ್ಕಾಗಿ ಈ ಮೂವರ ರಕ್ತವು ಬೆರೆಯಿತು. ಸಮಾಜ ಸುಧಾರಣೆಯ ಬಗ್ಗೆ ಪಟ್ಟಣಗಳಲ್ಲಿ ನೆರೆದ ಪರಿಷತ್ತುಗಳು ಬಹಳ. ಹೊಸರಿತ್ತಿಯಲ್ಲಿ ಕಂಡುಬಂದಷ್ಟು ಸ್ಪಷ್ಟವಾದ ಫಲವು ಅವುಗಳಿಂದ ಹುಟ್ಟಿದ್ದು ಅಪರೂಪ. ಮಹಾದೇವಪ್ಪನವರು ಒಂದು ಸಮುದಾಯವನ್ನು ಕಟ್ಟಿದರೆಂದು ನಾವು ಹೇಳುವದು ಈ ಅರ್ಥದಲ್ಲಿ.

ಖಜಾನೆಯ ಮೇಲೆ ಏರಿಹೋಗುವದು ಸತ್ಯಾಗ್ರಹಿಗೆ ಒಪ್ಪುವದೋ ಎಂಬ ಪ್ರಶ್ನೆಯನ್ನು ವಿಚಾರವಂತರು ಅಂದೂ ಕೇಳಿದರು, ಇಂದೂ ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ. ಸ್ವತಃ ಗಾಂಧಿಯವರು 1944ರಲ್ಲಿ ಬಿಡುಗಡೆಯಾದ ಮೇಲೆ ಗುಪ್ತಕಾರ್ಯವನ್ನು ಮೆಚ್ಚದೆ, ಭೂಗತರೆಲ್ಲರೂ ಹೊರಗೆ ಬಂದು ಸರಕಾರಕ್ಕೆ ಒಪ್ಪಿಸಿಕೊಳ್ಳಬೇಕೆಂದು ಸೂಚಿಸಿದರು. ಆಗ ಮಹಾದೇವಪ್ಪನವರು ಗತಿಸಿ ಒಂದು ವರ್ಷಕ್ಕೂ ಮೀರಿತ್ತು. ಗುರುವಿನ ಆ ಮಾತಿಗೆ ಶಿಷ್ಯರು ಏನೆನ್ನುತ್ತಿದ್ದರೆಂಬುದನ್ನು ಊಹಿಸುವದು ನಮ್ಮ ಕೆಲಸವಲ್ಲ. ಆದರೆ ತೂಗಿ ನೋಡುವವರು ಎರಡೂ ತಟ್ಟೆಗಳನ್ನು ತುಂಬಬೇಕು. ನಾಯಕರೆಲ್ಲರೂ ಸೆರೆಮನೆಯಲ್ಲಿದ್ದಾಗ, ದಿಕ್ಕು ತೋರುವವರಿಲ್ಲದಾಗ, ಅವರಿಗೆ ತಿಳಿದ ದಾರಿಯಲ್ಲಿ ಅವರು ನಡೆದರು. ಹಣಕ್ಕಾಗಿ ಹೋಗಲಿಲ್ಲ. ಕೊಲ್ಲಲು ಹೋಗಲಿಲ್ಲ, ಆ ದಿನ ಸತ್ತ ಮೂವರೂ ಅವರ ಕಡೆಯವರೇ. ದೋಷವನ್ನು ಎಣಿಸುವವರು ಈ ಲೆಕ್ಕವನ್ನೂ ಬರೆದುಕೊಳ್ಳಲಿ.

ಮಹಾದೇವಪ್ಪನವರು ಕಾಣದ ಸ್ವಾತಂತ್ರ್ಯವು ನಾಲ್ಕು ವರ್ಷಗಳಲ್ಲಿ, 1947ರಲ್ಲಿ, ಬಂದಿತು. ತುಂಗಭದ್ರೆಯ ಎರಡೂ ದಂಡೆಗಳು 1956ರಲ್ಲಿ ಒಂದೇ ರಾಜ್ಯಕ್ಕೆ ಸೇರಿದವು. ಹಾವೇರಿಯು 1997ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಮೋಟೆಬೆನ್ನೂರು, ಕೊರಡೂರು, ಹೊಸರಿತ್ತಿ ಈ ಮೂರೂ ಆ ಜಿಲ್ಲೆಯಲ್ಲಿಯೇ ಇವೆ. ಹಾವೇರಿಯ ವೀರಸೌಧವು ಆ ಮೂವರ ಸ್ಮಾರಕವಾಗಿ ನಿಂತಿದೆ. ಹುತಾತ್ಮರನ್ನು ನಾಡು ಮರೆತಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಆದರೂ ಸ್ಮಾರಕಕ್ಕೆ ಹಾರ ಹಾಕುವದರಿಂದ ಋಣವು ತೀರದು. ಹುತಾತ್ಮರ ದಿನವನ್ನು ಆಚರಿಸುವದು ಸುಲಭ; ಹೊಸರಿತ್ತಿಯ ಏಪ್ರಿಲ್ 1ಕ್ಕೆ ಒಂದೇ ದಿನ ಸಾಕು. ಕೊರಡೂರಿಗೆ ಅಂಥ ತಿಥಿಯಿಲ್ಲ. ಅಲ್ಲಿಯ ಕೆಲಸವು ಇಂಥ ದಿನವೇ ನಡೆಯಿತೆಂದು ತೋರಿಸಲು ಬಾರದು, ಏಕೆಂದರೆ ಅದು ಪ್ರತಿದಿನವೂ ನಡೆಯಿತು. ನಮ್ಮ ವಾಚಕರಲ್ಲಿ ಬಹುಮಂದಿ ಪಟ್ಟಣವಾಸಿಗಳು. ಹಲವರು ಕಂದಾಯ, ಶಿಕ್ಷಣ, ಆರೋಗ್ಯ ಮೊದಲಾದ ಇಲಾಖೆಗಳಲ್ಲಿ ಅಧಿಕಾರಿಗಳು. ಹಿಂದೆ ಆ ದಪ್ತರಗಳು ಪರಕೀಯರವಾಗಿದ್ದವು, ಈಗ ನಮ್ಮವೇ ಆಗಿವೆ. ಅವುಗಳನ್ನು ಸುಡುವ ಅವಶ್ಯಕತೆಯಿಲ್ಲ. ಅವುಗಳನ್ನು ಇಟ್ಟುಕೊಂಡವರು ಹಳ್ಳಿಯ ಬಾಗಿಲಿಗೆ ಹೋಗಿ ನಿಲ್ಲುವ ಅವಶ್ಯಕತೆಯು ಮಾತ್ರ ಅಂದಿನಷ್ಟೇ ಇದೆ. ತೂಕದಲ್ಲಿ ಮೋಸವಿಲ್ಲದೆ, ವಾಯಿದೆ ಹೇಳದೆ, ಯಾವ ಓಣಿಯನ್ನೂ ಬಿಟ್ಟುಕೊಡದೆ ನಡೆದುಕೊಂಡ ಒಬ್ಬ ಅಧಿಕಾರಿ, ಒಬ್ಬ ಶಿಕ್ಷಕ, ಒಬ್ಬ ವರ್ತಕ ಒಂದೊಂದು ಊರಿಗೆ ಸಿಕ್ಕರೂ ಸಾಕು. ಮಳೆ ಹೋದಾಗ, ರೋಗ ಬಂದಾಗ, ಜನರ ನಡುವೆ ಕಿಡಿ ಹಾರಿದಾಗ ಆ ಊರು ಯಾರ ಮುಖವನ್ನು ನೋಡಬೇಕೆಂಬುದನ್ನು ತಿಳಿದಿರುವದು. ಕಷ್ಟಕಾಲವು ಹೇಳಿ ಬರುವದಿಲ್ಲ. ಬರುವದಕ್ಕೆ ಮುಂಚಿನ ವರ್ಷಗಳೇ ನಮ್ಮ ಕೈಯಲ್ಲಿರುವವು.